ಲ್ಯಾಬ್‌ನಿಂದ ಸರ್ಕಾರದ ಕಚೇರಿಗೆ: ಎಐನ ಮೂರನೇ ದಾರಿ

ಎಐ ಕಲಿತು ಮುಂದೇನು ಅಂತ ಕೇಳಿದ್ರೆ ನಮ್ಮ ಕ್ಲಾಸಲ್ಲಿ ಎರಡೇ ಉತ್ತರ: ಕಂಪನಿ ಕೆಲಸ, ಇಲ್ಲಾಂದ್ರೆ ಎಂಎಸ್. ಮೂರನೇ ದಾರಿಯೂ ಒಂದಿದೆ: ತಂತ್ರಜ್ಞಾನ ಮತ್ತು ದೇಶದ ಭದ್ರತೆಯ ನೀತಿ ರೂಪಿಸುವುದು. ಅದಕ್ಕೆ ಎಂಜಿನಿಯರ್ ಯಾಕೆ ಬೇಕು? ಒಂದು ಉದಾಹರಣೆ ನೋಡೋಣ.

ಎಐ ಸೇನೆಗೂ ಬಳಕೆಯಾಗುತ್ತೆ ಅನ್ನೋ ಆತಂಕದಿಂದ ಅಮೆರಿಕ 2022ರ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಶಕ್ತಿಶಾಲಿ ಎಐ ಚಿಪ್‌ ಮಾರದಂತೆ ನಿಯಮ ತಂದಿತು. ಅದರಲ್ಲಿ ಮುಖ್ಯವಾಗಿ ಎರಡು ಅಳತೆಗಳಿದ್ದವು. ಒಂದು, ಚಿಪ್ ಲೆಕ್ಕ ಮಾಡುವ ವೇಗ. ಇನ್ನೊಂದು, ಬೇರೆ ಚಿಪ್‌ಗಳ ಜೊತೆ ಡೇಟಾ ಹಂಚಿಕೊಳ್ಳುವ ವೇಗ. ಇದರ ಮಿತಿ ಸೆಕೆಂಡಿಗೆ 600 ಗಿಗಾಬೈಟ್. ಎರಡೂ ಮಿತಿ ಮುಟ್ಟಿದರೆ ಮಾತ್ರ ತಡೆ. ಎನ್ವಿಡಿಯಾದ ಎ100 ಸಿಕ್ಕಿಬಿತ್ತು. ಕೆಲವೇ ವಾರಗಳಲ್ಲಿ ಎ800 ಬಂತು! ಲೆಕ್ಕದ ವೇಗ ಅಷ್ಟೇ, ಡೇಟಾ ಹಂಚಿಕೆ ಮಾತ್ರ 400ಕ್ಕೆ ಇಳಿದಿತ್ತು. ಸರ್ಕಾರ ಚಾಪೆ ಕೆಳಗೆ ತೂರಿದ್ರೆ ಕಂಪನಿ ರಂಗೋಲಿ ಕೆಳಗೆ ತೂರಿತು.

2023ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದರು. ಡೇಟಾ ಹಂಚಿಕೆಯ ಅಳತೆ ಹೋಯ್ತು. ಒಟ್ಟು ಲೆಕ್ಕದ ಸಾಮರ್ಥ್ಯದ ಜೊತೆಗೆ, ಚಿಪ್‌ನ ವಿಸ್ತೀರ್ಣಕ್ಕೆ ಎಷ್ಟು ಸಾಮರ್ಥ್ಯ ಅಂತಲೂ ನೋಡತೊಡಗಿದರು. ಯಾಕಂದ್ರೆ ಸಣ್ಣ ಸಣ್ಣ ಚಿಪ್ ಜೋಡಿಸಿ ಮತ್ತೆ ತಪ್ಪಿಸಿಕೊಳ್ಳಬಹುದು. ಇಂಥ ಸಂದು ಎಲ್ಲಿದೆ ಅಂತ ಮೊದಲೇ ಹೇಳಲು ಹಾರ್ಡ್‌ವೇರ್ ಗೊತ್ತಿರೋರೇ ಬೇಕು.

ಹೀಗೆ ಲ್ಯಾಬ್‌ನಿಂದ ಹೋದವರಲ್ಲಿ ಲಿನ್ ಪಾರ್ಕರ್ ಒಬ್ಬರು. ಅನೇಕ ರೋಬೋಟ್‌ಗಳು ಸೇರಿ ಕೆಲಸ ಮಾಡುವ ಬಗ್ಗೆ ಸಂಶೋಧನೆ ಮಾಡಿದ್ದ ಈ ಪ್ರಾಧ್ಯಾಪಕಿ 2018ರಲ್ಲಿ ಶ್ವೇತಭವನದ ವಿಜ್ಞಾನ-ತಂತ್ರಜ್ಞಾನ ಕಚೇರಿ ಸೇರಿದರು. 2021ರಲ್ಲಿ ಅಲ್ಲಿನ ರಾಷ್ಟ್ರೀಯ ಎಐ ಕಚೇರಿಯ ಮೊದಲ ನಿರ್ದೇಶಕರಾದರು.

ಆದರೆ ಕೆಲಸದ ರೀತಿ ಪೂರ್ತಿ ಬೇರೆ. ಪೇಪರ್ ಬರೆದರೆ ‘ಇನ್ನೂ ಸಂಶೋಧನೆ ಬೇಕು’ ಅಂತ ಮುಗಿಸಬಹುದು. ನೀತಿಯಲ್ಲಿ ಅರ್ಧ ಮಾಹಿತಿ ಇದ್ದರೂ ಇವತ್ತೇ ಸಲಹೆ ಕೊಡಬೇಕು, ಅದೂ ಎರಡು ಪುಟದಲ್ಲಿ, ಕೋಡ್ ಗೊತ್ತಿಲ್ಲದವರಿಗೂ ಅರ್ಥವಾಗೋ ಹಾಗೆ. ಬರೆದವರ ಹೆಸರು ಎಷ್ಟೋ ಸಲ ಹೊರಗೆ ಬರೋದೇ ಇಲ್ಲ.

ಇದು ದೂರದ ದೇಶದ ಕಥೆ ಅಂತ ಬಿಡೋ ಹಾಗಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಇನ್ನೊಂದು ಚಿಪ್ ನಿಯಮ ಪ್ರಕಟಿಸಿತು. ಮಿತಿಯಿಲ್ಲದೆ ಚಿಪ್ ಕೊಳ್ಳಬಹುದಾದ 18 ದೇಶ-ಪ್ರದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟರು, ಸರಿ. ಆದರೆ ನಮಗೆಷ್ಟು ಚಿಪ್ ಅನ್ನೋ ಸಂಖ್ಯೆಯನ್ನು ಬೇರೆ ಯಾರೋ ಬರೆದಿದ್ದರು.

ಸಾರ್ವಜನಿಕ ನೀತಿ ಕಲಿಸುವ ತಕ್ಷಶಿಲಾ ಸಂಸ್ಥೆ ನಮ್ಮ ಬೆಂಗಳೂರಲ್ಲೇ ಇದೆ. ಮುಂದಿನ ಸಲ ಇಂಥ ಸಂಖ್ಯೆಯ ಬಗ್ಗೆ ಮಾತುಕತೆ ನಡೆದಾಗ, ನಮ್ಮ ಕಡೆಯ ಮೇಜಿನಲ್ಲೂ ಚಿಪ್ ಗೊತ್ತಿರೋರು ಒಬ್ಬರು ಕೂತಿರಬೇಕಲ್ವಾ?