ಮೂರು ಮಿಲಿಬಾರಿನ ಆಟ

ಕಡಲ ಮಟ್ಟದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಕೂತಿರುವ ಗಾಳಿಯ ತೂಕ ಹತ್ತು ಟನ್ನಿಗೂ ಹೆಚ್ಚು. ಹವಾಮಾನದವರು ಅದನ್ನು 1013 ಮಿಲಿಬಾರ್ ಎನ್ನುತ್ತಾರೆ. ಲಿಫ್ಟ್ ಹತ್ತಿ ಎಂಟನೇ ಮಹಡಿಗೆ ಹೋದರೆ ಅದರಲ್ಲಿ ಮೂರು ಮಿಲಿಬಾರ್ ಕಮ್ಮಿಯಾಗುತ್ತದೆ. ಅದು ಕಿವಿಗೂ ಗೊತ್ತಾಗುವುದಿಲ್ಲ. ಅಷ್ಟೇ ವ್ಯತ್ಯಾಸ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನೂರು ಚಿಲ್ಲರೆ ಕಿಲೋಮೀಟರ್ ಒಳನಾಡಿನ ಸ್ಯಾಕ್ರಮೆಂಟೊಗೂ ನಡುವೆ ಕಂಡರೆ ಮಾತ್ರ ಅಲ್ಲಿನ ಮುನ್ಸೂಚಕರು ಕಣ್ಣರಳಿಸುತ್ತಾರೆ. ಕಡಲ ಕಡೆ ಒತ್ತಡ ಹೆಚ್ಚಿದ್ದರೆ ಸಂಜೆಗೆ ಮಂಜು ಒಳನುಗ್ಗುತ್ತದೆ, ಊರು ಸ್ವೆಟರ್ ಹಾಕಿಕೊಳ್ಳುತ್ತದೆ. ತಕ್ಕಡಿ ಉಲ್ಟಾ ಆಗಿ ಒಳನಾಡಿನ ಕಡೆ ಹೆಚ್ಚಾದರೆ ಅಗ್ನಿಶಾಮಕ ದಳದವರ ರಜೆ ರದ್ದಾಗುತ್ತದೆ.

ನಮ್ಮಲ್ಲಿ ಗೌರಿ-ಗಣೇಶ ಬರುವ ಹೊತ್ತು, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಬೇಸಿಗೆಯ ಕೊನೆ. ಮಂಜು, ಬೆಂಕಿ ಇವೆರಡರಲ್ಲಿ ಯಾವುದು ನಾಳೆಯ ಪಾಲಿಗೆ ಎಂಬ ಪ್ರಶ್ನೆ ಅಲ್ಲಿ ದಿನವೂ ಏಳುವುದು ಆಗಲೇ.

ಮಂಜಿನ ಕಾರ್ಖಾನೆ ಇರುವುದು ಕಡಲಲ್ಲಿ. ಬೇಸಿಗೆಯುದ್ದಕ್ಕೂ ದಡದಗುಂಟ ವಾಯುವ್ಯದಿಂದ ಗಾಳಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೂಕಿದ ಮೇಲ್ನೀರು ದಡ ಬಿಟ್ಟು ದೂರ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಮಲ್ಪೆ, ಕಾರವಾರದ ಕಡಲು 28 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ಅಲ್ಲಿನದು ನಡುಬೇಸಿಗೆಯಲ್ಲೂ 11ರಿಂದ 14. ಆ ತಣ್ಣೀರಿನ ಮೇಲೆ ಹಾದುಬಂದ ತೇವದ ಗಾಳಿ ಮಂಜಾಗುತ್ತದೆ, ಮೇಲೆ ಬಿಸಿಗಾಳಿಯ ಪದರ ಮುಚ್ಚಳದಂತೆ ಕೂರುವುದರಿಂದ ಏಳಲಾರದೆ ಅಲ್ಲೇ ಹರಡಿಕೊಳ್ಳುತ್ತದೆ. ಬೆಟ್ಟದ ಹಿಂದೆ ಸುಮಾರು 700 ಕಿ.ಮೀ. ಉದ್ದದ ಮಧ್ಯ ಕಣಿವೆ 40 ಡಿಗ್ರಿಯಲ್ಲಿ ಬೇಯುತ್ತ, ತನ್ನ ಗಾಳಿಯನ್ನು ಮೇಲಕ್ಕೆ ಕಳಿಸುತ್ತ, ಕಡಲ ಗಾಳಿಯನ್ನು ಎಳೆಯುತ್ತಿರುತ್ತದೆ. ಇಷ್ಟು ದೊಡ್ಡ ಕಣಿವೆಗೆ ಕಡಲ ಮಟ್ಟದಲ್ಲಿ ತೆರೆದ ಬಾಗಿಲು ಒಂದೇ: ಗೋಲ್ಡನ್ ಗೇಟ್. ಕಿರಿದಾದ ಕಡೆ ಅದರ ಅಗಲ ಒಂದೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು. 1937ರಿಂದ ಅಲ್ಲಿ ನಿಂತಿರುವ ಸೇತುವೆಯ ಕಂಬಗಳು 227 ಮೀಟರ್ ಎತ್ತರ. ಮಂಜಿನ ಪದರ 300 ಮೀಟರಿಗೆ ಬೆಳೆದ ದಿನ ಆ ಕಂಬಗಳ ತುದಿಯೂ ಕಾಣುವುದಿಲ್ಲ.

ಈ ಮಂಜನ್ನು ಹಿಂಡಿದರೆ ಎಷ್ಟು ನೀರು ಬರಬಹುದು? ಹನಿಯೊಂದರ ಅಡ್ಡಳತೆ 20 ಮೈಕ್ರಾನ್ ಎಂದಿಟ್ಟುಕೊಳ್ಳಿ. ಒಂದು ಮಿಲಿಲೀಟರ್ ನೀರಿಗೆ ಅಂಥ 24 ಕೋಟಿ ಹನಿ ಬೇಕು. ಒಂದು ಘನ ಮೀಟರ್ ಮಂಜಿನಲ್ಲಿ 0.2 ಗ್ರಾಂ ನೀರಿದ್ದರೆ ಅದನ್ನು ಸಾಕಷ್ಟು ದಟ್ಟ ಮಂಜೇ ಎನ್ನಬೇಕು. ಸೇತುವೆಯನ್ನೇ ನುಂಗುವ 300 ಮೀಟರ್ ದಪ್ಪದ ಪದರವನ್ನು ಪೂರ್ತಿ ನೆಲಕ್ಕಿಳಿಸಿದರೆ ಸಿಗುವುದು 0.06 ಮಿಲಿಮೀಟರ್ ನೀರು, ಅಂದರೆ ಒಂದು ಕಾಗದದ ಹಾಳೆಯಷ್ಟೂ ದಪ್ಪವಿಲ್ಲ.

ಇಷ್ಟೇ ಇಷ್ಟು ನೀರನ್ನು ನಂಬಿಕೊಂಡು ಬದುಕಿರುವುದು ಜಗತ್ತಿನ ಅತಿ ಎತ್ತರದ ಮರ! ಕರಾವಳಿ ರೆಡ್‌ವುಡ್ ಜಾತಿಯ ಹೈಪೀರಿಯನ್ ಎಂಬ ಮರ 115 ಮೀಟರ್ ದಾಟಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಒಂದರ ಮೇಲೊಂದರಂತೆ ಆರು ಸಲ ನಿಲ್ಲಿಸಿದರೂ ಅದರ ತುದಿ ಎಟುಕದು. ಈ ಕಾಡುಗಳಿಗೆ ವರ್ಷದಲ್ಲಿ ದಕ್ಕುವ ನೀರಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಂಜಿನದೇ ಎಂದು ಬರ್ಕ್ಲಿಯ ವಿಜ್ಞಾನಿ ಟಾಡ್ ಡಾಸನ್ ಅಳೆದು ತೋರಿಸಿದ್ದಾರೆ. ಹರಿಯುತ್ತಲೇ ಇರುವ ಮಂಜನ್ನು ಎಲೆಗಳು ರಾತ್ರಿಯಿಡೀ ಸೋಸಿ ಸೋಸಿ ಬುಡಕ್ಕೆ ತೊಟ್ಟಿಕ್ಕಿಸುತ್ತವೆ. ಬೇರೆ ದಾರಿಯೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಸೇರಿ ಸರಾಸರಿ ಹತ್ತು ಮಿಲಿಮೀಟರ್ ಮಳೆಯೂ ಆಗುವುದಿಲ್ಲ. ಆಗುಂಬೆ ಮನಸ್ಸು ಮಾಡಿದರೆ ಅಷ್ಟನ್ನು ಒಂದು ಗಂಟೆಯಲ್ಲಿ ಸುರಿದುಬಿಡುತ್ತದೆ. ಆ ಮಂಜಿಗೂ ಈಗ ಬರ. ಇಪ್ಪತ್ತನೇ ಶತಮಾನದ ಆರಂಭಕ್ಕೆ ಹೋಲಿಸಿದರೆ ಬೇಸಿಗೆಯ ಮಂಜು ದಿನಕ್ಕೆ ಸುಮಾರು ಮೂರು ಗಂಟೆ ಕಮ್ಮಿಯಾಗಿದೆ ಎಂದು 2010ರಲ್ಲಿ ಡಾಸನ್ ಮತ್ತು ಜೇಮ್ಸ್ ಜಾನ್‌ಸ್ಟನ್ ಲೆಕ್ಕ ಹಾಕಿದರು.

ಮಂಜು ತಲುಪಿದ ಊರಿಗೂ ತಲುಪದ ಊರಿಗೂ ಇರುವ ಅಂತರ ಅಲ್ಲಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಆಗಸ್ಟಿನ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೊದ ಓಶನ್ ಬೀಚಿನಲ್ಲಿ 15 ಡಿಗ್ರಿ ಇದ್ದಾಗ, ಎಪ್ಪತ್ತು ಕಿಲೋಮೀಟರ್ ಪೂರ್ವಕ್ಕಿರುವ ಲಿವರ್‌ಮೋರ್‌ನಲ್ಲಿ 38 ಇರುವುದು ವಿಶೇಷವೇನಲ್ಲ. ಮೂರು ಕಿಲೋಮೀಟರಿಗೆ ಒಂದು ಡಿಗ್ರಿ! ಕಡಲ ದಂಡೆಯಲ್ಲಿ ಕೈ ಉಜ್ಜಿಕೊಂಡು ನಿಂತವರು ಅದೇ ಮಧ್ಯಾಹ್ನ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋದರೆ ಅಂಗಳದಲ್ಲಿ ಬರಿಗಾಲಿಡಲು ಹೆದರಬೇಕು.

ಸೆಪ್ಟೆಂಬರ್ ಬಂತೆಂದರೆ ವಾಯುವ್ಯದ ಗಾಳಿಗೆ ಮೊದಲಿನ ಬಿರುಸಿರುವುದಿಲ್ಲ. ನೆವಾಡಾದ ಎತ್ತರದ ಬಯಲಿನಲ್ಲಿ ತಂಪು ಗಾಳಿ ಸೇರಿಕೊಂಡು ಒತ್ತಡ ಏರುತ್ತದೆ. ಈಗ ಮುನ್ಸೂಚಕರ ಕಣ್ಣು ಸ್ಯಾಕ್ರಮೆಂಟೊ ಬಿಟ್ಟು ನೆವಾಡಾದ ವಿನ್ನೆಮಕ ಎಂಬ ಸಣ್ಣ ಊರಿನ ಮೇಲೆ. ಅಲ್ಲಿನ ಒತ್ತಡ ಸ್ಯಾನ್ ಫ್ರಾನ್ಸಿಸ್ಕೊದ್ದಕ್ಕಿಂತ ಹತ್ತು ಮಿಲಿಬಾರಿನಷ್ಟು ಮೇಲೇರಿದರೆ ಈಶಾನ್ಯದಿಂದ ಡಯಾಬ್ಲೊ ಗಾಳಿ ಇಳಿಯುತ್ತದೆ. ಬೆಟ್ಟ ಇಳಿಯುವ ಒಣಗಾಳಿ ಅದುಮಿಸಿಕೊಂಡು ಕಿಲೋಮೀಟರಿಗೆ ಹತ್ತು ಡಿಗ್ರಿಯಂತೆ ಬಿಸಿಯಾಗುತ್ತದೆ. ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ 15 ಡಿಗ್ರಿ ಇದ್ದದ್ದು ಕೆಳಗೆ ಬರುವಾಗ 30, ಮೇಲೆ ಶೇ. 40 ಇದ್ದ ತೇವಾಂಶ ಇಲ್ಲಿಗೆ ಬರುವಷ್ಟರಲ್ಲಿ ಶೇ. 20. ಗಾಳಿಯಿಂದ ಒಂದು ಹನಿಯನ್ನೂ ಯಾರೂ ಕದ್ದಿಲ್ಲ, ಬರಿಯ ಇಳಿತದಿಂದಲೇ ಅರ್ಧ ಒಣಗಿತು. ಕೆಳಗೆ ನಾಲ್ಕೈದು ತಿಂಗಳಿಂದ ಮಳೆ ಕಾಣದ ಹುಲ್ಲು ಕಾದಿರುತ್ತದೆ.

2017ರ ಅಕ್ಟೋಬರ್ 8ರ ರಾತ್ರಿ ಹತ್ತರ ಹೊತ್ತಿಗೆ ಕ್ಯಾಲಿಸ್ಟೋಗಾ ಬಳಿ ಹೊತ್ತಿದ ಟಬ್ಸ್ ಬೆಂಕಿ, ಬೆಳಗಿನ ಜಾವದೊಳಗೆ ಸುಮಾರು 19 ಕಿ.ಮೀ. ದಾಟಿ ಸಾಂಟಾ ರೋಸಾ ಪೇಟೆ ಸೇರಿತು. ಆರು ಲೇನಿನ ಹೆದ್ದಾರಿಯೂ ಅದನ್ನು ತಡೆಯಲಿಲ್ಲ. ಐದೂವರೆ ಸಾವಿರಕ್ಕೂ ಹೆಚ್ಚು ಕಟ್ಟಡಗಳು, 22 ಜೀವಗಳು ಹೋದವು. ಮರುವರ್ಷ ನವೆಂಬರ್ 8ರಂದು ಪ್ಯಾರಡೈಸ್ ಊರನ್ನು ಸುಟ್ಟ ಕ್ಯಾಂಪ್ ಬೆಂಕಿಯ ಲೆಕ್ಕ ಇನ್ನೂ ಭೀಕರ: 85 ಸಾವು, 18,804 ಕಟ್ಟಡ. ಅದು ಶುರುವಾಗಿದ್ದು ವಿದ್ಯುತ್ ಗೋಪುರದಲ್ಲಿ ಸವೆದು ಮುರಿದ ಒಂದು ಕೊಕ್ಕೆಯಿಂದ. 1919ರಲ್ಲಿ ಆ ಕೊಕ್ಕೆಯ ಬೆಲೆ 56 ಸೆಂಟ್. ಆ ಗೋಪುರದ ಒಡೆಯ, ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿ 2020ರಲ್ಲಿ ಆ 85ರಲ್ಲಿ 84 ಮಂದಿಯ ಸಾವಿಗೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಇದೂ ಸೇರಿ ಹಲವು ಬೆಂಕಿಗಳ ಸಂತ್ರಸ್ತರಿಗಾಗಿ ಅದು ಒಪ್ಪಿದ ಪರಿಹಾರದ ಮೊತ್ತ 1,350 ಕೋಟಿ ಡಾಲರ್. ಗಾಳಿ ಬೀಸುವ ಮೊದಲೇ ಕರೆಂಟ್ ತೆಗೆಯುವ ಪದ್ಧತಿ ಕ್ಯಾಂಪ್ ಬೆಂಕಿಯ ಬೆನ್ನಿಗೇ ಜೋರಾಗಿತ್ತು. 2019ರ ಅಕ್ಟೋಬರಿನಲ್ಲಿ ಒಂದೇ ಸಲಕ್ಕೆ ಏಳು ಲಕ್ಷ ಸಂಪರ್ಕಗಳನ್ನು ತೆಗೆದರು. ಲೋಡ್ ಶೆಡ್ಡಿಂಗ್ ಅಪರೂಪವಾದ ನಾಡಿನಲ್ಲಿ ಇಪ್ಪತ್ತು ಲಕ್ಷ ಜನ ಟಾರ್ಚ್ ಹುಡುಕಿದರು.

2020ರದ್ದು ಮಾತ್ರ ಬೇರೆಯದೇ ಅಳತೆ. ಆಗಸ್ಟ್ 16ರಂದು ಡೆತ್ ವ್ಯಾಲಿಯಲ್ಲಿ 54.4 ಡಿಗ್ರಿ ದಾಖಲಾಯಿತು. ಅದೇ ಹೊತ್ತಿಗೆ ರಾಜ್ಯದ ಉತ್ತರಾರ್ಧದಲ್ಲಿ ಮಳೆಯಿಲ್ಲದ ಗುಡುಗು. ಕೆಲವೇ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಿಡಿಲು, ಆರುನೂರಕ್ಕೂ ಹೆಚ್ಚು ಬೆಂಕಿ. ಅವುಗಳಲ್ಲಿ ಕೆಲವು ಕೂಡಿಕೊಂಡು ಆದ ಆಗಸ್ಟ್ ಕಾಂಪ್ಲೆಕ್ಸ್ ಒಂದೇ 10,32,648 ಎಕರೆ ಸುಟ್ಟಿತು. ಅಂದರೆ 4,179 ಚದರ ಕಿ.ಮೀ. ಇಡೀ ಕೊಡಗು ಜಿಲ್ಲೆಯ ವಿಸ್ತೀರ್ಣ 4,102. ಆ ವರ್ಷ ರಾಜ್ಯದಲ್ಲಿ ಸುಟ್ಟ ಒಟ್ಟು ನೆಲ ಸುಮಾರು 43 ಲಕ್ಷ ಎಕರೆ: ನಮ್ಮ ಅತಿ ದೊಡ್ಡ ಜಿಲ್ಲೆ ಬೆಳಗಾವಿಗೆ ಕೊಡಗನ್ನೂ ಕೂಡಿಸಿದಷ್ಟು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಾವೆಲ್ಲ ಕಂಗೆಟ್ಟಿದ್ದೆವು, ಕಂಗೆಡಬೇಕಾದದ್ದೇ. ಈ ಅಳತೆ ಮಾತ್ರ ನಮ್ಮ ಕಲ್ಪನೆಗೆ ಸಿಗುವಂಥದ್ದಲ್ಲ.

ಕ್ಯಾಲಿಫೋರ್ನಿಯಾದ ಆ ಬೆಂಕಿಗಳ ಹೊಗೆ ಮಂಜಿಗೆ ಎದುರಾದ ದಿನ 2020ರ ಸೆಪ್ಟೆಂಬರ್ 9. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳಗಾಗಲೇ ಇಲ್ಲ. ಆಕಾಶ ಕಡು ಕಿತ್ತಳೆ. ಬೀದಿ ದೀಪ, ಕಾರಿನ ದೀಪ ಮಧ್ಯಾಹ್ನವೂ ಉರಿಯುತ್ತಿದ್ದವು. ಹೊಗೆಯ ಕಣಗಳು ನೀಲಿ ಬೆಳಕನ್ನು ತಡೆದು ಕೆಂಪನ್ನಷ್ಟೇ ಕೆಳಗೆ ಬಿಟ್ಟಿದ್ದವು. ಸೋಜಿಗವೆಂದರೆ ಅಷ್ಟು ದಟ್ಟ ಹೊಗೆ ತಲೆಯ ಮೇಲಿದ್ದರೂ ನೆಲಮಟ್ಟದ ಗಾಳಿ ಆ ಬೆಳಿಗ್ಗೆ ಅಷ್ಟೇನೂ ಕೆಟ್ಟಿರಲಿಲ್ಲ. ಕಡಲಿನಿಂದ ಬಂದ ಮಂಜಿನ ಪದರ ನಡುವೆ ನಿಂತು ಹೊಗೆಯನ್ನು ಮೇಲೆಯೇ ಹಿಡಿದಿಟ್ಟಿತ್ತು. ಹಾಳೆಯಷ್ಟೂ ದಪ್ಪವಿಲ್ಲದ ಆ ನೀರು ಹಲವು ಲಕ್ಷ ಜನರ ಉಸಿರಿಗೆ ಒಂದು ದಿನದ ಮಟ್ಟಿಗೆ ಕಾವಲು ನಿಂತಿತು ಎನ್ನಬಹುದು. ಮುಂದಿನ ದಿನಗಳಲ್ಲಿ ಹೊಗೆ ಕೆಳಗಿಳಿದು ಗಾಳಿ ಕೆಟ್ಟಿತು.

ಮಗಳ ಬಾಣಂತನಕ್ಕೋ ಮಗನ ಮನೆ ನೋಡಲೆಂದೋ ಆಗಸ್ಟ್–ಅಕ್ಟೋಬರಿನಲ್ಲಿ ಬೇ ಏರಿಯಾಕ್ಕೆ ಹೊರಟ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಬೇಸಿಗೆಯೆಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ. ಹೋದ ಮೇಲೆ ಅಲ್ಲಿನ ಕೌಂಟಿಯ ತುರ್ತು ಸಂದೇಶ ನಿಮ್ಮ ಫೋನಿಗೂ ಬರುವಂತೆ ಮಕ್ಕಳಿಂದ ನೋಂದಾಯಿಸಿಕೊಳ್ಳಿ. ಮುನ್ಸೂಚನೆಯಲ್ಲಿ ‘ರೆಡ್ ಫ್ಲ್ಯಾಗ್ ವಾರ್ನಿಂಗ್’ ಎಂಬ ಬೆಂಕಿಯ ಎಚ್ಚರಿಕೆ ಬಂದ ರಾತ್ರಿ ಪಾಸ್‌ಪೋರ್ಟ್, ಮಾತ್ರೆ, ಕನ್ನಡಕ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ. ಹೊರಡಿ ಎಂದು ಪೊಲೀಸರು ಹೇಳಿದರೆ ಒಲೆ ಆರಿಸಿ ಹೊರಟುಬಿಡಿ, ಏನನ್ನೂ ಹುಡುಕುತ್ತ ನಿಲ್ಲಬೇಡಿ.