ನಿಮಗಿದು ಗೊತ್ತೆ? ನ್ಯೂಕ್ಲಿಯಸ್ಸಿನ ಆಕಾರ ಗಟ್ಟಿಯೋ, ಸಡಿಲವೋ?

ಪರಮಾಣುವಿನ ನ್ಯೂಕ್ಲಿಯಸ್ಸುಗಳೆಲ್ಲ ದುಂಡಗಿಲ್ಲ. ಕೆಲವಕ್ಕೆ ಉದ್ದ, ಅಗಲ, ದಪ್ಪ ಮೂರೂ ಬೇರೆಬೇರೆ. ಆ ಆಕಾರ ಒಂದೇ ಕಡೆ ನಿಲ್ಲದೆ ಬದಲಾಗುತ್ತಿರುತ್ತದೆ ಎಂಬ ಮಾದರಿಯನ್ನು 1956ರಲ್ಲಿ ಲಾರೆನ್ಸ್ ವಿಲೆಟ್ಸ್ ಮತ್ತು ಮಾರಿಸ್ ಜೀನ್ ಮುಂದಿಟ್ಟರು. 1958ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಡೇವಿಡೋವ್, ಫಿಲಿಪ್ಪೋವ್ ಗಟ್ಟಿ ಆಕಾರದ ಮಾದರಿ ಕೊಟ್ಟರು.

ಯಾವುದು ಸರಿ? ಹೊರಬರುವ ಗಾಮಾ ಕಿರಣಗಳಿಂದ ತಿಳಿಯಬಹುದು. ನ್ಯೂಕ್ಲಿಯಸ್ಸಿನ 'ಗಾಮಾ ಪಟ್ಟಿ' ಎಂಬ ಶಕ್ತಿಮಟ್ಟಗಳ ಸಾಲಿನಲ್ಲಿ ಸ್ಪಿನ್ (ಕೋನೀಯ ಸಂವೇಗ) 2–3, 4–5ರ ಮಟ್ಟಗಳು ಹತ್ತಿರ ಸೇರಿದ್ದರೆ ಆಕಾರ ಗಟ್ಟಿ. 3–4, 5–6 ಸೇರಿದ್ದರೆ ಸಡಿಲ. ಎಷ್ಟು ಸೊಗಸಾದ ಪರೀಕ್ಷೆ! ಹೀಗೆ ಮೂರೂ ಅಳತೆ ಬೇರೆಬೇರೆಯಾದ ನ್ಯೂಕ್ಲಿಯಸ್ ತೊನೆಯುತ್ತಲೂ ತಿರುಗಬಲ್ಲದು. ಲ್ಯುಟೀಷಿಯಂ-163ರಲ್ಲಿ ಅದಕ್ಕೆ ಸಾಕ್ಷ್ಯ ಸಿಕ್ಕ ವರದಿ 2001ರಲ್ಲಿ ಪ್ರಕಟವಾಯಿತು.