ವಿಜ್ಞಾನ ಹೇಳಿಕೊಡಲು ಬಂದವರನ್ನು ಬೀಳ್ಕೊಡುವಾಗ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಿಗೆ ಸ್ವಯಂಸೇವಕರು ಕೆಲವು ದಿನ ವಿಜ್ಞಾನ ಹೇಳಿಕೊಡಲು ಬಂದರೆ, ಹೊರಡುವ ದಿನ ಶಾಲು, ಭಾಷಣ, ಮಕ್ಕಳ ಹಾಡು, ಗ್ರೂಪ್ ಫೋಟೋ ಎಲ್ಲವೂ ಆಗುತ್ತದೆ. ಆಗಲಿ. ಆದರೆ ಅವರ ಸಾಮಾನಿನ ಪೆಟ್ಟಿಗೆಯೂ ಅವರೊಂದಿಗೇ ಹೊರಟರೆ ಮಕ್ಕಳ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ. ಬಿಟ್ಟುಹೋಗಲು ಖರ್ಚಿಲ್ಲದ ಪಾಠವೊಂದಿದೆ: ಅಂಗಳದಲ್ಲಿ ನೇರವಾಗಿ ನೆಟ್ಟ ಒಂದು ಮೀಟರ್ ಕೋಲು.

ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 30 ಮತ್ತು ಆಗಸ್ಟ್ 13ರ ಆಸುಪಾಸಿನಲ್ಲಿ, ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಮಾಯವಾಗುತ್ತದೆ. ಏಪ್ರಿಲ್‌ನಲ್ಲಿ ದಕ್ಷಿಣದ ಸಿದ್ದಾಪುರಕ್ಕೆ ಇದು ಸ್ವಲ್ಪ ಮೊದಲು, ಯಲ್ಲಾಪುರಕ್ಕೆ ಸ್ವಲ್ಪ ತಡ, ಆಗಸ್ಟ್‌ನಲ್ಲಿ ತಿರುವುಮುರುವು. ದೆಹಲಿಯಿಂದ ಬಂದ ಸ್ವಯಂಸೇವಕರು ತಮ್ಮೂರಿನಲ್ಲಿ ಇದನ್ನು ಎಂದೂ ಕಂಡಿರಲಾರರು! ಸಮಯ ಹನ್ನೆರಡಲ್ಲ, ಸುಮಾರು ಹನ್ನೆರಡೂವರೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಏಳೂವರೆ ಡಿಗ್ರಿಯಷ್ಟು ಪಶ್ಚಿಮಕ್ಕಿದ್ದೇವೆ.

ತೊಡಕು ಇಲ್ಲಿದೆ. ಏಪ್ರಿಲ್ ಕೊನೆಗೆ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮಲೆನಾಡಿನ ಮೋಡ. ಕೋಲು ನೆಟ್ಟ ಶಿಕ್ಷಕರು ಆ ದಿನ ಇಲ್ಲಿ ಇರುವುದೂ ಇಲ್ಲ. ಹಾಗಾಗಿ ಬೀಳ್ಕೊಡುಗೆಯ ಸಭೆಯಲ್ಲೇ ಅಳತೆಯ ಪುಸ್ತಕವನ್ನು ಶಾಲೆಯ ಸಮೀಪದ ಮನೆಯ ಇಬ್ಬರು ಮಕ್ಕಳಿಗೂ, ಊರಿನಲ್ಲೇ ಉಳಿಯುವ ಒಬ್ಬ ಹಿರಿಯರಿಗೂ ಒಪ್ಪಿಸಬೇಕು. ಏಪ್ರಿಲ್ 1ರಂದು ನಡುಹಗಲಿನ ನೆರಳು ಉತ್ತರಕ್ಕೆ ಸುಮಾರು 18 ಸೆಂಟಿಮೀಟರ್, 15ರಂದು 9 ಇರುತ್ತದೆ. ತಿಂಗಳ ಕೊನೆಗೆ ಶೂನ್ಯವಾಗಿ, ಮೇ ತಿಂಗಳಲ್ಲಿ ದಕ್ಷಿಣಕ್ಕೆ ಹೊರಳುತ್ತದೆ. ಹೊರಳಿದ ದಿನ ಮಕ್ಕಳು ತಮ್ಮ ಶಿಕ್ಷಕರಿಗೆ ಒಂದು ಕಾಗದ ಬರೆಯಲಿ, ಅಂಕಿಗಳ ಸಮೇತ.